ಮಧ್ಯಯುಗದ ಯೆಹೂದಿ ದ್ವೇಷ: ಬಡ್ಡಿಯಿಂದ ಶುರುವಾದದ್ದೋ, ಚರ್ಚಿನ ಉಪದೇಶದಿಂದಲೋ?

ಅಮಾನಿಕೆರೆ, ತುಮಕೂರು

ಎಂ.ಎ. ಇತಿಹಾಸದ ಸೆಮಿನಾರಿಗೆ ಈ ವಿಷಯ ಸಿಕ್ಕಿದೆ. ಇಪ್ಪತ್ತು ನಿಮಿಷ, ಹನ್ನೆರಡು ಸ್ಲೈಡ್. ಕೈಯಲ್ಲಿರುವ ನೋಟ್ಸ್ ಹೇಳುವುದು ಇಷ್ಟೇ: ಯೆಹೂದಿಗಳು ಬಡ್ಡಿಗೆ ಸಾಲ ಕೊಡುತ್ತಿದ್ದರು, ತೀರಿಸಲಾಗದವರು ತಿರುಗಿಬಿದ್ದರು, ಚರ್ಚು ಸುಮ್ಮನಿತ್ತು. ಅಷ್ಟು ಸಲೀಸಾಗಿ ಮುಗಿಯುವ ಮಾತಾ ಇದು? ‘ಅವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ’ ಎಂದು ಯೇಸುವಿಗೆ ಮರಣದಂಡನೆ ವಿಧಿಸುವಾಗ ಯೆಹೂದಿಗಳ ಗುಂಪು ಕೂಗಿತು ಅನ್ನುವ ಬೈಬಲಿನ ಮತ್ತಾಯ 27:25 ಮೊದಲ ಶತಮಾನದ್ದು, ಬಡ್ಡಿಯ ಕಥೆ ಹನ್ನೆರಡನೆಯ ಶತಮಾನದ್ದು. ನಡುವೆ ಏನಾಯಿತು? ಮಕ್ಕಳನ್ನು ಕೊಂದು ರಕ್ತ ತೆಗೆಯುತ್ತಾರೆ ಅನ್ನುವ ಆರೋಪ ಎಲ್ಲಿ ಹುಟ್ಟಿತು? ಇನ್ನೊಂದು: ನಮ್ಮ ಅಸ್ಪೃಶ್ಯತೆಯ ಜೊತೆ ಹೋಲಿಸಬಹುದಾ? ಕ್ಲಾಸಿನಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ.

ಅಂತರಗಂಗೆ, ಕೋಲಾರ

ಇಸವಿಗಳನ್ನು ಸಾಲಾಗಿ ಜೋಡಿಸಿ ನೋಡಿ, ನೋಟ್ಸಿನ ಆ ಎರಡು ಸಾಲು ತಾವಾಗಿಯೇ ಬಿದ್ದುಹೋಗುತ್ತವೆ.

386–387ರಲ್ಲಿ ರೋಮನ್ ಸಿರಿಯಾದ ಅಂತಿಯೋಕ್ಯದಲ್ಲಿ ಜಾನ್ ಕ್ರಿಸೊಸ್ಟೊಮ್ ಎಂಬ ಪಾದ್ರಿ ಯೆಹೂದಿಗಳ ವಿರುದ್ಧ ಎಂಟು ಪ್ರವಚನ ಕೊಟ್ಟ. ಕೇಳುತ್ತ ಕೂತಿದ್ದವರು ಯೆಹೂದಿಗಳಲ್ಲ, ಅವನದೇ ಸಭೆಯ ಕ್ರೈಸ್ತರು. ಅವರು ಹಬ್ಬಕ್ಕೆ ಸಿನಗಾಗಿಗೆ (ಯೆಹೂದಿಗಳ ಪ್ರಾರ್ಥನಾಮಂದಿರಕ್ಕೆ) ಹೋಗುತ್ತಿದ್ದರು, ಯೆಹೂದಿಗಳ ಉಪವಾಸ ಹಿಡಿಯುತ್ತಿದ್ದರು, ಆಣೆ ಮಾಡುವುದಕ್ಕೂ ಅಲ್ಲಿಗೇ ಹೋಗುತ್ತಿದ್ದರು. ಅಂದರೆ ಊರಿನ ಜನಕ್ಕೆ ನೆರೆಹೊರೆಯ ಮೇಲೆ ದ್ವೇಷವಿರಲಿಲ್ಲ. ಇದ್ದ ಸಲಿಗೆಯನ್ನು ಕಡಿಯುವುದಕ್ಕಾಗಿಯೇ ‘ಕ್ರಿಸ್ತನನ್ನು ಕೊಂದವರು’ ಅನ್ನುವ ಮಾತನ್ನು ಪೀಠದಿಂದ ಮತ್ತೆ ಮತ್ತೆ ಹೇಳಬೇಕಾಯಿತು. 388ರಲ್ಲಿ ಯೂಫ್ರಟಿಸ್ ದಡದ ಕಲ್ಲಿನಿಕಮ್‌ನಲ್ಲಿ ಸ್ಥಳೀಯ ಬಿಷಪನ ಕುಮ್ಮಕ್ಕಿನಿಂದ ಸಿನಗಾಗಿ ಸುಟ್ಟರು. ಬಿಷಪನೇ ಅದನ್ನು ಕಟ್ಟಿಸಿಕೊಡಲಿ ಎಂದು ಚಕ್ರವರ್ತಿ ಥಿಯೊಡೋಸಿಯಸ್ ಆಜ್ಞೆ ಮಾಡಿದ. ಮಿಲಾನಿನ ಬಿಷಪ್ ಆಂಬ್ರೋಸ್ ಪಟ್ಟುಹಿಡಿದು ಆ ಆಜ್ಞೆಯನ್ನು ವಾಪಸ್ ತೆಗೆಸಿದ. ಎರಡೂ ಕಡೆ ಬಡ್ಡಿಯ ಸುದ್ದಿಯೇ ಇಲ್ಲ.

ಹಾಗಾದರೆ ಯೆಹೂದಿಗಳನ್ನು ಉಳಿಸಿದ್ದೇಕೆ? ಅದಕ್ಕೆ ಚರ್ಚಿನ ದೊಡ್ಡ ಚಿಂತಕ, ಬಿಷಪ್ ಅಗಸ್ಟಿನ್ ಬೇಕು. ಹಳೆಯ ಒಡಂಬಡಿಕೆಯ ಗ್ರಂಥ ಯೆಹೂದಿಗಳ ಕೈಯಲ್ಲಿರುವುದರಿಂದ ಅದು ಕ್ರೈಸ್ತರು ಕಟ್ಟಿದ್ದಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ಅವರ ಚೆದುರಿದ ಸ್ಥಿತಿ ಇನ್ನೊಂದು ಸಾಕ್ಷಿ. ಕೀರ್ತನೆ 59:11ರ ‘ಅವರನ್ನು ಕೊಲ್ಲಬೇಡ’ ಅನ್ನುವುದನ್ನು ಅವನು ಹೀಗೆ ಓದಿದ. ಈ ವಾದದಲ್ಲಿ ರಕ್ಷಣೆ ಮತ್ತು ಅವಮಾನ ಬಿಡಿಸಲಾಗದಂತೆ ಹೆಣೆದಿವೆ: ಅವರು ಬದುಕಬೇಕು, ಆದರೆ ಕೆಳಗೇ ಬದುಕಬೇಕು. 598ರಲ್ಲಿ ಪೋಪ್ ಒಂದನೇ ಗ್ರೆಗರಿ ಪಲೆರ್ಮೊದ ಬಿಷಪನಿಗೆ ಬರೆದದ್ದೂ ಇದನ್ನೇ: ಕಾನೂನು ಕೊಟ್ಟದ್ದಕ್ಕಿಂತ ಹೆಚ್ಚು ಅವರಿಗೆ ಬೇಡ, ಕೊಟ್ಟದ್ದನ್ನು ಕಿತ್ತುಕೊಳ್ಳುವುದೂ ಬೇಡ. ಸುಮಾರು 1120ರಿಂದ ಪೋಪರು ಹೊರಡಿಸುತ್ತ ಬಂದ ರಕ್ಷಣಾಪತ್ರ ಆ ಪತ್ರದ ಮಾತಿನಿಂದಲೇ ಶುರುವಾಗುತ್ತದೆ. ‘ಚರ್ಚು ಸುಮ್ಮನಿತ್ತು’ ಅಂತ ಬರೆದರೆ ಇದೆಲ್ಲ ಕೈಬಿಟ್ಟುಹೋಗುತ್ತದೆ. ಚರ್ಚು ಎಂದೂ ಸುಮ್ಮನಿರಲಿಲ್ಲ, ಎರಡು ನಾಲಿಗೆಯಲ್ಲಿ ಮಾತಾಡುತ್ತಿತ್ತು.

ಬಳಿಕ 1096ರ ಮೇ ತಿಂಗಳು. ಜೆರುಸಲೇಮ್ ಗೆಲ್ಲಲು ಸಾರಿದ ಧರ್ಮಯುದ್ಧಕ್ಕೆ, ಅಂದರೆ ಮೊದಲ ಕ್ರುಸೇಡಿಗೆ ಹೊರಟ ತಂಡಗಳು ರೈನ್ ನದಿಯ ಊರುಗಳಲ್ಲಿ, ಸ್ಪೈಯರ್, ವೋರ್ಮ್ಸ್, ಮೈನ್ಸ್‌ನಲ್ಲಿ, ಯೆಹೂದಿಗಳ ಮೇಲೆ ಬಿದ್ದವು. ಸ್ಪೈಯರ್‌ನಲ್ಲಿ ಬಿಷಪ್ ಗಟ್ಟಿಯಾಗಿ ನಿಂತದ್ದರಿಂದ ಹೆಚ್ಚಿನವರು ಉಳಿದರು. ಮೈನ್ಸ್‌ನಲ್ಲಿ ಆರ್ಚ್‌ಬಿಷಪನ ಅಂಗಳಕ್ಕೇ ಎಮಿಕೊ ಎಂಬ ಸರದಾರನ ತಂಡ ನುಗ್ಗಿತು, ಆರ್ಚ್‌ಬಿಷಪ್ ಓಡಿಹೋದ. ಹಲವು ತಂದೆತಾಯಿಗಳು ಮಕ್ಕಳನ್ನು ತಾವೇ ಕೊಂದು ಪ್ರಾಣ ಕಳೆದುಕೊಂಡರು. ಕೊಲ್ಲುವವರು ಮುಂದಿಟ್ಟ ಶರತ್ತು ಏನು ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ: ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗುವುದು, ಇಲ್ಲವೇ ಸಾವು. ದೋಚಿದರು ನಿಜ, ಆದರೆ ಶರತ್ತು ಸಾಲಮನ್ನಾ ಆಗಿರಲಿಲ್ಲ. ಇದರ ಪಕ್ಕಕ್ಕೆ 1190ರ ಇಂಗ್ಲೆಂಡಿನ ಯಾರ್ಕ್ ಇಡಿ. ಕೋಟೆಯ ಗೋಪುರದಲ್ಲಿ ಅಡಗಿದ್ದ ಸುಮಾರು 150 ಯೆಹೂದಿಗಳು ಸತ್ತ ಮೇಲೆ ಗುಂಪು ನೇರ ಕತೀಡ್ರಲಿಗೆ ಹೋಗಿ, ಅಲ್ಲಿಟ್ಟಿದ್ದ ಸಾಲಪತ್ರಗಳನ್ನು ಸುಟ್ಟಿತು. ಒಂದೇ ಸ್ಲೈಡಿನಲ್ಲಿ ಇವೆರಡನ್ನೂ ಹಾಕಿ, ಬೇರೆ ವಿವರಣೆ ಬೇಕಾಗುವುದಿಲ್ಲ.

ಕಂದವಾರ, ಚಿಕ್ಕಬಳ್ಳಾಪುರ

ಮೇಲಿನದು ಸರಿ. ಆದರೆ ದುಡ್ಡಿನ ಭಾಗವನ್ನು ತೇಲಿಸಿಬಿಡಬೇಡಿ, ಅದರ ಲೆಕ್ಕ ತೋರಿಸಿ.

ಇಂಗ್ಲೆಂಡಿನಲ್ಲಿ ಸಾಮಾನ್ಯ ದರ ಪೌಂಡಿಗೆ ವಾರಕ್ಕೆ ಎರಡು ಪೆನ್ನಿ. ಪೌಂಡಿಗೆ 240 ಪೆನ್ನಿ, ವರ್ಷಕ್ಕೆ 52 ವಾರ. 104ನ್ನು 240ರಿಂದ ಭಾಗಿಸಿದರೆ ಶೇಕಡ 43 ಚಿಲ್ಲರೆ. ನಮ್ಮ ಕಡೆಯ ಭಾಷೆಯಲ್ಲಿ ಹೇಳಿದರೆ ನೂರಕ್ಕೆ ತಿಂಗಳಿಗೆ ಮೂರೂವರೆ ರೂಪಾಯಿಗಿಂತ ಸ್ವಲ್ಪ ಜಾಸ್ತಿ. ಈ ದರ ಕೇಳಿ ಕ್ಲಾಸು ‘ಅಬ್ಬಾ’ ಅಂದ ಕೂಡಲೇ ಮುಂದಿನ ಸ್ಲೈಡ್: ಆ ದುಡ್ಡು ಹೋಗುತ್ತಿದ್ದದ್ದು ಎಲ್ಲಿಗೆ? ಯೆಹೂದಿಗಳು ರಾಜನ ಸೊತ್ತು ಎಂಬ ಲೆಕ್ಕವಿತ್ತು. ರಾಜ ಮನಸ್ಸಿಗೆ ಬಂದಷ್ಟು ತೆರಿಗೆ ಎಳೆಯಬಹುದಿತ್ತು. 1186ರಲ್ಲಿ ಲಿಂಕನ್ನಿನ ಆರನ್ ಎಂಬ ದೊಡ್ಡ ಲೇವಾದೇವಿಗಾರ ತೀರಿಕೊಂಡಾಗ ಆಸ್ತಿಯೆಲ್ಲ ರಾಜನಿಗೆ ಹೋಯಿತು. ಅವನ ಬಾಕಿ ವಸೂಲಿಗೆಂದೇ ಖಜಾನೆಯಲ್ಲಿ ಪ್ರತ್ಯೇಕ ಶಾಖೆ ತೆರೆದರು! ತೆರಿಗೆ ಕಟ್ಟಲಾಗದ ಯೆಹೂದಿ ತನ್ನ ಸಾಲಪತ್ರಗಳನ್ನು ಕಮ್ಮಿ ಬೆಲೆಗೆ ಅರಮನೆಯ ದೊಡ್ಡವರಿಗೆ ಮಾರುತ್ತಿದ್ದ, ಅವರು ಸಾಲಗಾರನ ಜಮೀನು ಹೊಡೆಯುತ್ತಿದ್ದರು. ಜನರ ಕಣ್ಣಿಗೆ ಬಿದ್ದವನು ಮಾತ್ರ ಮನೆಬಾಗಿಲಿಗೆ ಬಂದ ಯೆಹೂದಿ.

ಯಾರ್ಕಿನಲ್ಲಿ ಪತ್ರ ಸುಟ್ಟಾಗ ನಷ್ಟವಾದದ್ದು ರಾಜನಿಗೂ. ಅದಕ್ಕೇ 1194ರಲ್ಲಿ ಮುಖ್ಯ ಊರುಗಳಲ್ಲಿ ಸರ್ಕಾರಿ ಪೆಟ್ಟಿಗೆ ಇಟ್ಟು, ಪ್ರತಿ ಸಾಲಪತ್ರದ ಒಂದು ಪ್ರತಿ ಅದರೊಳಗೆ ಬೀಳಬೇಕು, ಕೀಲಿ ಕ್ರೈಸ್ತರು ಯೆಹೂದಿಗಳು ಇಬ್ಬರ ಕೈಯಲ್ಲೂ ಇರಬೇಕು ಎಂದು ಮಾಡಿದರು. ಸತ್ತವರಿಗಾಗಿ ಮಾಡಿದ ಏರ್ಪಾಡಲ್ಲ, ಪತ್ರಗಳಿಗಾಗಿ.

ಬಡ್ಡಿಗೇ ಏಕೆ ಇಳಿದರು ಅಂದರೆ, ಕಸುಬಿನ ಸಂಘಗಳಿಗೆ ಕ್ರೈಸ್ತ ಪ್ರಮಾಣ ಬೇಕಿತ್ತು. ಜಮೀನು ಹಿಡಿಯುವುದು ಕಷ್ಟ. ಚರ್ಚು ತನ್ನವರಿಗೆ ಬಡ್ಡಿ ನಿಷೇಧಿಸಿತ್ತು. ಧರ್ಮೋಪದೇಶಕಾಂಡ 23:20 ಅನ್ಯಜನರಿಂದ ಬಡ್ಡಿ ತೆಗೆದುಕೊಳ್ಳಬಹುದು ಅನ್ನುತ್ತದೆ. ಆದರೆ ಎಲ್ಲ ಯೆಹೂದಿಗಳೂ ಲೇವಾದೇವಿಯವರು ಅಂತ ಬರೆದರೆ ತಪ್ಪು. ಸ್ಪೇನ್, ಸಿಸಿಲಿಯಲ್ಲಿ ಅವರು ಬಣ್ಣಗಾರರು, ನೇಕಾರರು, ವೈದ್ಯರು. ಬಡ್ಡಿ ಹೊಡೆಯುವ ಲೊಂಬಾರ್ಡಿಯ ಕ್ರೈಸ್ತರೂ ಬೇಕಾದಷ್ಟಿದ್ದರು. ಅವರನ್ನೂ ಜನ ಬೈದರು, ಓಡಿಸಿದರು, ಆದರೆ ಮಕ್ಕಳನ್ನು ಶಿಲುಬೆಗೇರಿಸುತ್ತಾರೆ ಅಂತ ಯಾರೂ ಹೇಳಲಿಲ್ಲ. ಕೊನೆಯ ಪೆಟ್ಟು ಇದು: 1275ರಲ್ಲಿ ರಾಜ ಒಂದನೇ ಎಡ್ವರ್ಡ್ ಯೆಹೂದಿಗಳಿಗೆ ಬಡ್ಡಿ ವ್ಯವಹಾರವನ್ನೇ ನಿಷೇಧಿಸಿದ. ಆದರೂ 1290ರಲ್ಲಿ ಅವರನ್ನು ಇಂಗ್ಲೆಂಡಿನಿಂದಲೇ ಓಡಿಸಿದ. ಬಡ್ಡಿಯೇ ಕಾರಣವಾಗಿದ್ದರೆ ಹದಿನೈದು ವರ್ಷದಲ್ಲಿ ಕೋಪ ಇಳಿಯಬೇಕಿತ್ತಲ್ಲ?

ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ರಕ್ತದ ಆರೋಪಕ್ಕೆ ಬರುತ್ತೇನೆ. ಇಲ್ಲಿ ಬಹಳ ಜನ ಎರಡು ಬೇರೆ ಆರೋಪಗಳನ್ನು ಕಲಸಿಬಿಡುತ್ತಾರೆ.

1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ವಿಲಿಯಂ ಎಂಬ ಹುಡುಗನ ಶವ ಕಾಡಿನಲ್ಲಿ ಸಿಕ್ಕಿತು. ಆಗಿನ ಶೆರಿಫ್, ಅಂದರೆ ರಾಜನ ಅಧಿಕಾರಿ, ಯೆಹೂದಿಗಳನ್ನು ಕೋಟೆಯೊಳಗೆ ಇರಿಸಿ ಕಾಪಾಡಿದ, ಯಾರಿಗೂ ಶಿಕ್ಷೆಯಾಗಲಿಲ್ಲ. ಆಮೇಲೆ ಊರಿಗೆ ಬಂದ ಮನ್ಮತ್‌ನ ಥಾಮಸ್ ಎಂಬ ಸನ್ಯಾಸಿ, ಏನನ್ನೂ ಕಣ್ಣಾರೆ ಕಾಣದವನು, ಹುಡುಗನ ‘ಸಂತಚರಿತ್ರೆ’ ಬರೆದ. ಅದರಲ್ಲಿರುವುದು ಶಿಲುಬೆಯ ಅಣಕ. ರಕ್ತ ಬಳಸುವ ಕಥೆ ಅಲ್ಲಿಲ್ಲ. ರಕ್ತ ಬಂದದ್ದು 1235ರ ಕ್ರಿಸ್ಮಸ್‌ಗೆ, ಜರ್ಮನಿಯ ಫುಲ್ಡಾದಲ್ಲಿ. ಗಿರಣಿಯವನೂ ಹೆಂಡತಿಯೂ ಪ್ರಾರ್ಥನೆಗೆ ಹೋಗಿದ್ದಾಗ ಮನೆಗೆ ಬೆಂಕಿ ಬಿದ್ದು ಐದು ಗಂಡುಮಕ್ಕಳು ಸತ್ತರು. ಯೆಹೂದಿಗಳು ರಕ್ತ ತೆಗೆದು ಮನೆ ಸುಟ್ಟರು ಎಂಬ ಪುಕಾರು ಎದ್ದಿತು, 34 ಜನರನ್ನು ಕೊಂದರು. ಚಕ್ರವರ್ತಿ ಎರಡನೇ ಫ್ರೆಡರಿಕ್ ಯುರೋಪಿನ ಬೇರೆ ಬೇರೆ ರಾಜ್ಯಗಳಿಂದ, ಯೆಹೂದಿ ಧರ್ಮ ಬಿಟ್ಟು ಕ್ರೈಸ್ತರಾದ ಪಂಡಿತರನ್ನು ಕರೆಸಿ ಕೇಳಿದ. ಒಳಗಿನ ಗುಟ್ಟು ಬಲ್ಲವರು, ಮುಚ್ಚಿಡಬೇಕಾದ ಅಗತ್ಯವಿಲ್ಲದವರು. ಪ್ರಾಣಿಯ ರಕ್ತವನ್ನೂ ಮುಟ್ಟಬಾರದೆಂಬ ಧರ್ಮಶಾಸ್ತ್ರದವರಿಗೆ ಈ ಆರೋಪ ಹೊಂದುವುದೇ ಇಲ್ಲ ಎಂದು 1236ರಲ್ಲಿ ತೀರ್ಪಾಯಿತು. 1247ರಲ್ಲಿ ಪೋಪ್ ನಾಲ್ಕನೇ ಇನೊಸೆಂಟ್ ಕೂಡ ಹಾಗೆಯೇ ಬರೆದ.

ಆದರೂ ನಿಲ್ಲಲಿಲ್ಲ, ಏಕೆಂದರೆ ಆರೋಪಕ್ಕೊಂದು ಅಚ್ಚು ಸಿದ್ಧವಾಗಿತ್ತು. ಈಸ್ಟರ್ ಆಸುಪಾಸಿನಲ್ಲಿ ಮಗು ಕಾಣೆಯಾಗುವುದು, ಯೆಹೂದಿಗಳ ಬೀದಿಯತ್ತ ಬೆರಳು, ಚಿತ್ರಹಿಂಸೆಯಲ್ಲಿ ತಪ್ಪೊಪ್ಪಿಗೆ, ಸಮಾಧಿಯಲ್ಲಿ ಪವಾಡ, ಹರಕೆ, ಕಾಣಿಕೆ. 1171ರಲ್ಲಿ ಫ್ರಾನ್ಸಿನ ಬ್ಲುವಾದಲ್ಲಿ ಶವವೂ ಸಿಗಲಿಲ್ಲ, ಮಗು ಕಾಣೆಯಾದ ದೂರೂ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ಜನರನ್ನು ಸುಟ್ಟರು. 1255ರಲ್ಲಿ ಲಿಂಕನ್ನಿನಲ್ಲಿ ರಾಜನೇ ಮುಂದೆ ನಿಂತು 19 ಜನರನ್ನು ಗಲ್ಲಿಗೇರಿಸಿದ. 1475ರಲ್ಲಿ ಟ್ರೆಂಟ್‌ನ ಸೀಮೋನ ಎಂಬ ಮಗುವಿನ ಪ್ರಕರಣದ ಹೊತ್ತಿಗೆ ಮುದ್ರಣಯಂತ್ರ ಬಂದಿತ್ತು, ಚಿತ್ರಸಹಿತ ಹಾಳೆಗಳು ಊರೂರಿಗೆ ಹೋದವು. ಆ ಮಗುವಿನ ಪೂಜೆಯನ್ನು ಚರ್ಚು ನಿಲ್ಲಿಸಿದ್ದು 1965ರಲ್ಲಿ.

1215ರಲ್ಲಿ ರೋಮಿನಲ್ಲಿ ಸೇರಿದ ಚರ್ಚಿನ ಮಹಾಸಭೆಗೆ, ಅಂದರೆ ನಾಲ್ಕನೇ ಲ್ಯಾಟರನ್ ಸಭೆಗೆ ಒಂದು ಸ್ಲೈಡ್ ಪೂರ್ತಿ ಕೊಡಿ. ಅದರ ಮೊದಲ ವಿಧಿ ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿ ಕ್ರಿಸ್ತನ ದೇಹವೇ ಆಗುತ್ತದೆ ಎಂದು ಸಾರಿತು. ಮುಂದಿನ ದಶಕಗಳಲ್ಲಿ ಯೆಹೂದಿಗಳು ಆ ರೊಟ್ಟಿ ಕದ್ದು ಇರಿಯುತ್ತಾರೆ ಎಂಬ ಹೊಸ ಆರೋಪ ಹುಟ್ಟಿತು: 1290ರಲ್ಲಿ ಪ್ಯಾರಿಸ್, 1298ರಲ್ಲಿ ಜರ್ಮನಿಯ ರೊಟ್ಟಿಂಗೆನ್. ಆ ಬೋಧನೆಯನ್ನು ಯೆಹೂದಿಗಳೂ ಒಳಗೊಳಗೆ ನಂಬಿದ್ದರೆ ಮಾತ್ರ ಈ ಆರೋಪಕ್ಕೆ ಅರ್ಥ. ಅದನ್ನು ಯಾರೂ ಕೇಳಲಿಲ್ಲ. 68ನೇ ವಿಧಿ ಬಟ್ಟೆಯಲ್ಲಿ ಬೇರ್ಪಡಿಕೆ ಇರಬೇಕು ಅನ್ನುತ್ತದೆ, ಬಣ್ಣ ಆಕಾರ ಹೇಳುವುದಿಲ್ಲ. ಅದನ್ನು ಆಯಾ ದೇಶ ತೀರ್ಮಾನಿಸಿತು: ಫ್ರಾನ್ಸಿನಲ್ಲಿ 1269ರಿಂದ ದುಂಡು ಪಟ್ಟಿ, ಇಂಗ್ಲೆಂಡಿನಲ್ಲಿ 1275ರಿಂದ ಏಳು ವರ್ಷ ದಾಟಿದವರಿಗೆಲ್ಲ ಆರಿಂಚು ಉದ್ದ ಮೂರಿಂಚು ಅಗಲದ ಹಳದಿ ಬಟ್ಟೆ. ಹಳದಿ ನಕ್ಷತ್ರದ ಫೋಟೋ ಹಾಕಿಬಿಡಬೇಡಿ, ಅದು ಇಪ್ಪತ್ತನೆಯ ಶತಮಾನದ್ದು.

ಇನ್ನೊಂದು ಸೂಕ್ಷ್ಮ. ಶುಭ ಶುಕ್ರವಾರದ ಪ್ರಾರ್ಥನೆಗಳಲ್ಲಿ ಪ್ರತಿಯೊಂದಕ್ಕೂ ಮೊಣಕಾಲೂರುತ್ತಿದ್ದರು, ಯೆಹೂದಿಗಳಿಗಾಗಿ ಮಾಡುವುದಕ್ಕೆ ಮಾತ್ರ ಊರುತ್ತಿರಲಿಲ್ಲ. ಅವರು ಮೊಣಕಾಲೂರಿ ಕ್ರಿಸ್ತನನ್ನು ಅಣಕಿಸಿದರು ಎಂಬುದು ಕೊಟ್ಟ ಕಾರಣ. ಮತ್ತಾಯ 27:29 ತೆರೆದು ನೋಡಿ, ಅಣಕಿಸಿದವರು ರೋಮನ್ ಸೈನಿಕರು. ಮೊಣಕಾಲೂರುವುದು ಮತ್ತೆ ಬಂದದ್ದು 1955ರಲ್ಲಿ. ಓದು ಬಾರದ ರೈತನಿಗೂ ವರ್ಷಕ್ಕೊಮ್ಮೆ ಮೈಯಿಂದಲೇ ಕಲಿಸುತ್ತಿದ್ದ ಪಾಠ ಇದು.

ಅಮಾನಿಕೆರೆ, ತುಮಕೂರು

ತುಂಬಾ ಉಪಕಾರ. ಎರಡು ಬಾಕಿ: ಅಸ್ಪೃಶ್ಯತೆಯ ಹೋಲಿಕೆ, ಮತ್ತು ಚಿತ್ರ ಒಂದೇ ಹಾಕಬೇಕಾದರೆ ಯಾವುದು? ಕೊನೆಯ ಸ್ಲೈಡಿಗೆ ವೆನಿಸಿನ ಘೆಟ್ಟೊ, ಅಂದರೆ ಯೆಹೂದಿಗಳನ್ನು ಬೇರೆಯಾಗಿ ಇರಿಸಿದ್ದ ಕೇರಿ, ಇಟ್ಟುಕೊಂಡಿದ್ದೇನೆ.

ಅಂತರಗಂಗೆ, ಕೋಲಾರ

ಹೋಲಿಕೆಗೆ ಮೊದಲ ಎಳೆ ಪಂಕ್ತಿಯಲ್ಲಿ ಸಿಗುತ್ತದೆ. ನಾಲ್ಕನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಎಲ್ವಿರಾದಲ್ಲಿ ಸೇರಿದ ಬಿಷಪರ ಸಭೆ ಯೆಹೂದಿಗಳ ಜೊತೆ ಕೂತು ಉಣ್ಣುವುದನ್ನೂ ಅವರಿಗೆ ಹೆಣ್ಣು ಕೊಡುವುದನ್ನೂ ನಿಷೇಧಿಸಿತು. ಇಷ್ಟು ಕೇಳಿದರೆ ಸಾಕು, ನಮ್ಮವರಿಗೆ ಅರ್ಥವಾಗುತ್ತದೆ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಿಸಿ. ಅಲ್ಲಿ ದೀಕ್ಷಾಸ್ನಾನ ಪಡೆದರೆ ತತ್ತ್ವದಲ್ಲಾದರೂ ಹೊರಬರುವ ಬಾಗಿಲಿತ್ತು, ಜಾತಿಗೆ ಅದಿಲ್ಲ. 1391ರ ಗಲಭೆಗಳಲ್ಲಿ ಸ್ಪೇನಿನ ಸಾವಿರಾರು ಯೆಹೂದಿಗಳು ಹೆದರಿ ಮತಾಂತರವಾದರು. 1449ರಲ್ಲಿ ಟೊಲೆಡೊ ನಗರ ಅವರಿಗೂ ಅವರ ಸಂತತಿಗೂ ಅಧಿಕಾರ ಕೂಡದು ಎಂದಿತು. ಪೋಪ್ ಐದನೇ ನಿಕೊಲಾಸ್ ಖಂಡಿಸಿದರೂ ಆ ನಿಯಮ ಮುಂದೆ ಸಂಸ್ಥೆಯಿಂದ ಸಂಸ್ಥೆಗೆ ಹಬ್ಬಿತು. ಬಾಗಿಲು ಮುಚ್ಚಿ ಹುಟ್ಟೇ ಕಳಂಕವಾದದ್ದು ಆಗ. ಹುಟ್ಟಿನ ವಿಷಯದಲ್ಲಿ ಹೋಲಿಸುವುದಾದರೆ ಟೊಲೆಡೊದಿಂದ ಶುರುಮಾಡಿ.

ಚಿತ್ರಕ್ಕೆ ಸ್ಟ್ರಾಸ್‌ಬರ್ಗ್ ಕತೀಡ್ರಲಿನ ದಕ್ಷಿಣ ಬಾಗಿಲ ಎರಡು ಹೆಣ್ಣುಮೂರ್ತಿಗಳು, ಸುಮಾರು 1230ರವು. ಒಬ್ಬಳು ಚರ್ಚು: ತಲೆಯ ಮೇಲೆ ಕಿರೀಟ, ಕೈಯಲ್ಲಿ ಶಿಲುಬೆ ಮತ್ತು ಪಾನಪಾತ್ರೆ. ಇನ್ನೊಬ್ಬಳು ಸಿನಗಾಗಿ: ಕಣ್ಣಿಗೆ ಬಟ್ಟೆ, ಮುರಿದ ಭರ್ಜಿ, ಕೈಯಿಂದ ಜಾರುತ್ತಿರುವ ಧರ್ಮಶಾಸ್ತ್ರದ ಹಲಗೆ. ಶಿಲ್ಪಿ ಅವಳನ್ನು ಕುರೂಪಿಯಾಗಿ ಮಾಡಿಲ್ಲ, ಇಬ್ಬರೂ ಒಂದೇ ಚೆಲುವಿನವರು. ಅಗಸ್ಟಿನ್ನನ ವಾದ ಕಲ್ಲಿನಲ್ಲಿದೆ ಅಂದುಕೊಳ್ಳಿ. ಅದೇ ಊರಿನಲ್ಲಿ 1349ರ ಫೆಬ್ರವರಿ 14ರಂದು, ಪ್ಲೇಗ್ ಇನ್ನೂ ಊರು ಮುಟ್ಟುವ ಮೊದಲೇ, ಬಾವಿಗೆ ವಿಷ ಹಾಕಿದರೆಂದು ಯೆಹೂದಿಗಳನ್ನು ಸುಟ್ಟು, ಸಾಲಪತ್ರ ರದ್ದು ಮಾಡಿ, ನಗದನ್ನು ಹಂಚಿಕೊಂಡರು. ಹಿಂದಿನ ವರ್ಷವಷ್ಟೇ ಪೋಪ್ ಆರನೇ ಕ್ಲೆಮೆಂಟ್ ‘ಯೆಹೂದಿಗಳೂ ಸಾಯುತ್ತಿದ್ದಾರೆ, ಅವರಿಲ್ಲದ ಕಡೆಯೂ ರೋಗವಿದೆ’ ಎಂಬರ್ಥದ ಆಜ್ಞೆ ಹೊರಡಿಸಿದ್ದ.

ವೆನಿಸಿನ ಘೆಟ್ಟೊ 1516ರದು, ನಿಮ್ಮ ಶೀರ್ಷಿಕೆಯ ಮಧ್ಯಯುಗದಿಂದ ಆಚೆಗೆ ಬೀಳುತ್ತದೆ. ಅದನ್ನು ತೆಗೆದು ಅಲ್ಲಿ ಟೊಲೆಡೊ ಹಾಕಿ.