ಜೈಲಿನೊಳಗೇ ನಡೆಯುವ 14 ನಿಮಿಷದ ಸೈ-ಫೈ ಕಿರುಚಿತ್ರ: ನೋಡಿದವರು ಹೇಳಿದ್ದನ್ನ ಎಲ್ಲಿಂದ ಸರಿಮಾಡೋದು?

ಸೆಲ್_ನಂಬರ್_ಏಳು

ಒಂದೇ ಸೆಲ್, ಇಬ್ಬರೇ ನಟರು. ಕೈದಿಗೆ ಇಂಜೆಕ್ಷನ್ ಕೊಟ್ಟರೆ ಇಪ್ಪತ್ತು ವರ್ಷದ ಶಿಕ್ಷೆ ಅವನ ತಲೆಯೊಳಗೇ ಒಂದು ರಾತ್ರಿಯಲ್ಲಿ ಮುಗಿಯುತ್ತೆ, ಇದು ಕತೆ. ಮೊದಲ ಕಟ್ ಒಂಬತ್ತು ಜನ ನೋಡಿದ್ದಾರೆ. ನಾಲ್ವರು "ಜೈಲು ಅನ್ನಿಸಲಿಲ್ಲ, ಯಾವುದೋ ಗೋಡೌನ್ ಇದ್ದಂಗಿದೆ" ಅಂದರು. ಕೈದಿ ಎರಡನೇ ಸಲ ಕಣ್ಣು ಬಿಟ್ಟಾಗ ಅದು ನಿಜವಾದ ಸೆಲ್ಲೋ ತಲೆಯೊಳಗಿನ ಸೆಲ್ಲೋ ಅಂತ ಐವರಿಗೆ ಗೊತ್ತಾಗಿಲ್ಲ. 8ನೇ ನಿಮಿಷದ ಹತ್ತಿರ ಎಳೆದಂಗಾಯ್ತು ಅನ್ನೋದು ಎಲ್ಲರ ದೂರು.

ಸೆಟ್ ಪ್ಲೈವುಡ್‌ದು, 10 ಅಡಿಗೆ 10 ಅಡಿ, ಎತ್ತರ 8 ಅಡಿ, ಮೇಲ್ಗಡೆ ತೆರೆದಿದೆ. ಕಂಬಿ ಪಿವಿಸಿ ಪೈಪ್. ಬೆಳಕಿಗೆ ಎಲ್ಇಡಿ ಟ್ಯೂಬ್. 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್), ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳೋ ಹೊತ್ತು, 1/60 ಸೆಕೆಂಡ್. ಗೋಡೆ ಮೇಲೆ ಪಟ್ಟೆ ಪಟ್ಟೆ ಓಡ್ತಿದೆ. ರೀಶೂಟ್‌ಗೆ ಒಂದು ದಿನ ಸಿಗುತ್ತೆ. ಮೊದಲು ಯಾವುದಕ್ಕೆ ಕೈ ಹಾಕಲಿ?

ಬೂಮ್_ಹಿಡಿದವ

ಸೌಂಡಿಗೆ. ಗೋಡೌನ್ ಅಂದವರ ಕಣ್ಣಿಗಿಂತ ಕಿವಿಗೆ ಅನುಮಾನ ಬಂದಿರುತ್ತೆ. ಕಾಂಕ್ರೀಟ್ ಖಾಲಿ ಕೋಣೆಯಲ್ಲಿ ದನಿ ಒಂದೂವರೆ, ಎರಡು ಸೆಕೆಂಡ್ ಆರದೆ ನಿಲ್ಲುತ್ತೆ. ನಿಮ್ಮ ಸೆಟ್‌ಗೆ ಸೂರಿಲ್ಲ, ದನಿ ಮೇಲಕ್ಕೆ ಹಾರಿಹೋಗುತ್ತೆ; ಉಳಿದದ್ದು ಟೊಳ್ಳು ಪ್ಲೈನ ಡಬ್ಬಾ ಸದ್ದು.

ಸಾಮಾನಿಲ್ಲದ ಆರ್‌ಸಿಸಿ ಕೋಣೆ ಅಥವಾ ಮೆಟ್ಟಿಲ ಬಾವಿ ಹುಡುಕಿ. ರೆಕಾರ್ಡರ್ ಎರಡು ಮೀಟರ್ ದೂರ ಇಟ್ಟು 12 ಇಂಚಿನ ಬಲೂನ್ ಒಡೀರಿ, ಆ ಕೋಣೆ ದನಿಯನ್ನು ಹೇಗೆ ಮೊಳಗಿಸುತ್ತೆ ಅನ್ನೋದು ರೆಕಾರ್ಡ್ ಆಗುತ್ತೆ. ಪೀಕ್ ಮೈನಸ್ 12 ಡಿಬಿ ದಾಟದ ಹಾಗೆ ಲೆವೆಲ್ ಇಳಿಸಿಕೊಳ್ಳಿ, ಕ್ಲಿಪ್ ಆದರೆ, ಅಂದರೆ ಲೆವೆಲ್ ಮಿತಿ ಮೀರಿ ಸದ್ದು ಒಡೆದರೆ, ಆ ಟೇಕ್ ದಂಡ. ಸದ್ದಿಗೆ ಮೊದಲಿನ ಮೌನ ಕತ್ತರಿಸಿ, ಆ ಮೊಳಗನ್ನು ಡೈಲಾಗಿಗೆ ಹಚ್ಚೋ ರೀವರ್ಬ್ ಪ್ಲಗಿನ್‌ಗೆ ಹಾಕಿ (ಇದು ರೀಪರ್ ಅನ್ನೋ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿದೆ), ಪ್ಲಗಿನ್ ಇರೋ ಬೇರೆ ಟ್ರ್ಯಾಕ್‌ಗೆ ಡೈಲಾಗಿನ ನಕಲನ್ನು ಸೆಂಡ್ ಮೂಲಕ ಕಳಿಸಿ. ರಿವರ್ಬ್ (ಆ ಮೊಳಗು) ಬರೋ ಟ್ರ್ಯಾಕ್‌ನಲ್ಲಿ 200 ಹರ್ಟ್ಸ್ ಕೆಳಗಿನದನ್ನು ತೆಗೀರಿ, ಇಲ್ಲದಿದ್ದರೆ ಮಾತು ಕಲಸಿಹೋಗುತ್ತೆ.

ನಿಜವೋ ತಲೆಯೊಳಗೋ ಅನ್ನೋ ಗೊಂದಲಕ್ಕೂ ಮದ್ದು ಇಲ್ಲೇ ಇದೆ. ನಿಜದ ಸೆಲ್‌ನಲ್ಲಿ ಹಳೇ ಟ್ಯೂಬ್‌ಲೈಟ್ ಚೋಕ್‌ನ ಗುಂಯ್ ಸದ್ದು ಸದಾ ಇರಲಿ. ತಲೆಯೊಳಗಿನ ಸೆಲ್‌ನಲ್ಲಿ ಅದು ಪೂರ್ತಿ ಬಂದ್. ಮೊದಲ ಮೂರು ನಿಮಿಷ ಕಿವಿಗೆ ಅಭ್ಯಾಸ ಆಗಿರುತ್ತೆ, ನಿಂತ ತಕ್ಷಣ ಮೈ ಎಚ್ಚರ ಆಗುತ್ತೆ. ಒಂದು ಎಡವಟ್ಟು: ನಮ್ಮ 50 ಹರ್ಟ್ಸ್ ಕರೆಂಟಿಗೆ ಆ ಗುಂಯ್ 100 ಹರ್ಟ್ಸ್‌ನಲ್ಲಿ ಬರುತ್ತೆ, ಮೊಬೈಲ್ ಸ್ಪೀಕರ್ ಅಷ್ಟು ಕೆಳಗೆ ನುಡಿಯೋದೇ ಇಲ್ಲ. 200, 300, 400 ಹರ್ಟ್ಸ್‌ನ ಪದರಗಳನ್ನೂ ಮೆಲ್ಲಗೆ ಸೇರಿಸಿ.

ಸುಣ್ಣಬಣ್ಣ

ಸೌಂಡ್ ಒಪ್ಪಿದೆ, ಆದರೆ ಪಿವಿಸಿ ಕಂಬಿ ಹಾಗೇ ಬಿಟ್ಟರೆ ಯಾವ ರಿವರ್ಬೂ ಕಾಪಾಡಲ್ಲ. ನಟ ಹಿಡಿದು ಅಲುಗಾಡಿಸಿದಾಗ ಪೈಪ್ ಬಾಗುತ್ತೆ. ಆ ಒಂದು ಫ್ರೇಮ್ ಸಾಕು. 20 ಎಂಎಂ ಪೈಪ್ ಒಳಗೆ 12 ಎಂಎಂ ಸರಳು ತೂರಿಸಿ. ಒಳಗೆ ಗಡಗಡ ಅನ್ನದಂತೆ ಸರಳಿಗೆ ಮೂರು ಕಡೆ ಇನ್ಸುಲೇಶನ್ ಟೇಪ್ ಸುತ್ತಿ. ಪಿವಿಸಿ ಮೇಲೆ ಬಣ್ಣ ನಿಲ್ಲಲ್ಲ, ಮೊದಲು 220 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ ಪ್ರೈಮರ್ ಹೊಡೀರಿ, ಆಮೇಲೆ ಮ್ಯಾಟ್ ಕಪ್ಪು. ಕೈ ತಾಗುವ ಎತ್ತರದಲ್ಲಿ ಮಾತ್ರ ಪೆನ್ಸಿಲ್ ಸೀಸದ ಪುಡಿ ತಿಕ್ಕಿ. ಹಿಡಿದು ಹಿಡಿದು ಸವೆದ ಕಬ್ಬಿಣದ ಮಿನುಗು ಬರುತ್ತೆ.

ನೆಲದ ಅಳತೆ ತಪ್ಪಿಲ್ಲ. 2016ರ ಮಾದರಿ ಕಾರಾಗೃಹ ಕೈಪಿಡಿ ಒಂದು ಸೆಲ್‌ಗೆ 8.92 ಚದರ ಮೀಟರ್ ಹೇಳುತ್ತೆ, ಅಂದರೆ 96 ಚದರಡಿ. ಆದರೆ ಗಾಳಿಯ ಜಾಗ 33.98 ಘನ ಮೀಟರ್; ಭಾಗಿಸಿದರೆ ಎತ್ತರ ಹನ್ನೆರಡೂವರೆ ಅಡಿ. ನಿಮ್ಮದು ಎಂಟು, ಮನೆಯ ಕೋಣೆಗಿಂತಲೂ ತಗ್ಗು. ಹಾಗಂತ ಗೋಡೆ ಏರಿಸಬೇಕಿಲ್ಲ. ಗೋಡೆಯ ಮೇಲಂಚು ಫ್ರೇಮಿಗೆ ಬರದಂತೆ ನೋಡಿಕೊಂಡು, ಬೆಳಕನ್ನು ಹತ್ತು ಹನ್ನೊಂದು ಅಡಿಯಿಂದ ಕೆಳಕ್ಕೆ ಬಿಡಿ, ಕಾಣದ ವೆಂಟಿಲೇಟರ್‌ನಿಂದ ಬಿದ್ದ ಹಾಗೆ. ಕಂಬಿಯ ನೆರಳು ನೆಲದ ಮೇಲೆ ಬೀಳಲಿ. ಗೋಡೆಗೆ ನಾಲ್ಕಡಿವರೆಗೆ ಕಡು ಆಯಿಲ್ ಪೇಂಟ್, ಮೇಲೆ ಸುಣ್ಣ. ಮಲಗುವ ಜಾಗದಲ್ಲಿ ತಲೆ ಒರಗಿದ ಎಣ್ಣೆ ಕಲೆ.

ಪಟ್ಟೆ ಬರೋದು ಶಟರ್‌ನಿಂದ. 50 ಹರ್ಟ್ಸ್‌ನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ, 1/60ಕ್ಕೆ ಅದು ಸರಿಯಾಗಿ ಕೂರಲ್ಲ. ರೀಶೂಟ್‌ನಲ್ಲಿ ಶಟರ್ 1/50 ಇಡಿ. 30 ಎಫ್‌ಪಿಎಸ್‌ನಲ್ಲೂ ನಡೆಯುತ್ತೆ, ಹಳೇ ಶಾಟ್‌ಗಳ ಜೊತೆ ಕೂಡಿಸೋಕೂ ಸಲೀಸು. ಡಿಮ್ಮರ್ ಹಾಕಬೇಡಿ, ಅಗ್ಗದ ಎಲ್ಇಡಿ ಡಿಮ್ಮರ್ ತನ್ನದೇ ಪಟ್ಟೆ ತರುತ್ತೆ. ಬೆಳಕು ಕಡಿಮೆ ಬೇಕಿದ್ದರೆ ಟ್ಯೂಬ್‌ಗೆ ಬಟರ್ ಪೇಪರ್ ಸುತ್ತಿ. ಈಗಾಗಲೇ ತೆಗೆದದ್ದಕ್ಕೆ ಡಾವಿಂಚಿ ರಿಸಾಲ್ವ್ ಸ್ಟುಡಿಯೋ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಮಿನುಗು ಇಳಿಸೋ ಡಿಫ್ಲಿಕರ್ ಇದೆ, ಫ್ರೀ ಆವೃತ್ತಿಯಲ್ಲಿ ಇಲ್ಲ. ಕೈ ವೇಗವಾಗಿ ಆಡುವ ಶಾಟ್‌ನಲ್ಲಿ ಅಂಚು ಕಲಸಬಹುದು, ಒಂದೊಂದೇ ನೋಡಿ ಹಾಕಿ.

ಕತ್ತರಿ_ಪ್ರಯೋಗ

ಎಂಟನೇ ನಿಮಿಷ ಎಳೆದಂಗಾಯ್ತು ಅಂದರೆ ಎಂಟನೇ ನಿಮಿಷ ಕತ್ತರಿಸಬೇಡಿ. ನೋಡುವವರು ದಾರಿ ತಪ್ಪಿರೋದು ಅದಕ್ಕೂ ಮೊದಲು, ಎರಡನೇ ಸಲ ಕಣ್ಣು ಬಿಟ್ಟಲ್ಲೇ. ಎಲ್ಲಿದ್ದೀವಿ ಅಂತ ತಿಳಿಯದವರಿಗೆ ಒಳ್ಳೇ ದೃಶ್ಯವೂ ಉದ್ದ ಕಾಣುತ್ತೆ.

1962ರ ಫ್ರೆಂಚ್ ಕಿರುಚಿತ್ರ "ಲಾ ಜೆತೆ" ನೋಡಿ. 28 ನಿಮಿಷ, ಹೆಚ್ಚುಕಮ್ಮಿ ಪೂರ್ತಿ ಸ್ಥಿರಚಿತ್ರಗಳು. ಪ್ಯಾರಿಸ್ಸಿನ ನೆಲದಡಿ ಕೈದಿಗಳ ಮೇಲೆ ಕಾಲಯಾನದ ಪ್ರಯೋಗ. ಸೆರೆ ಅನ್ನೋದು ಅಲ್ಲಿ ಮುಟ್ಟೋದು ಕತ್ತಲೆಯಿಂದ, ಪ್ರಯೋಗ ನಡೆಸುವವರು ಜರ್ಮನ್‌ನಲ್ಲಿ ಪಿಸುಗುಡುವ ಸದ್ದಿನಿಂದ. ಇಡೀ ಚಿತ್ರದಲ್ಲಿ ಒಮ್ಮೆ ಮಾತ್ರ, ಮಲಗಿದ ಹೆಂಗಸು ಕಣ್ಣು ಬಿಟ್ಟಾಗ, ಚಿತ್ರ ಚಲಿಸುತ್ತೆ. ಉಳಿದದ್ದೆಲ್ಲ ತಡೆಹಿಡಿದದ್ದಕ್ಕೇ ಆ ರೆಪ್ಪೆ ಬಡಿತ ಎದೆಗೆ ತಾಗೋದು. ನಿಮ್ಮಲ್ಲೂ ಹಾಗೇ ಒಂದನ್ನು ತಡೆಹಿಡೀರಿ: ತಲೆಯೊಳಗಿನ ಸೆಲ್‌ಗೆ ಕ್ಯಾಮೆರಾ ಟ್ರೈಪಾಡ್ ಮೇಲೇ, ನಿಜದ ಸೆಲ್‌ಗೆ ಕೈಯಲ್ಲೇ. ಬೆರೆಸಬೇಡಿ.

ಸೆಲ್_ನಂಬರ್_ಏಳು

ಗುಂಯ್ ಸದ್ದಿನ ಐಡಿಯಾ ಇವತ್ತೇ ಹಾಕ್ತೀನಿ. ಮತ್ತೆ ಅದೇ ಒಂಬತ್ತು ಜನಕ್ಕೆ ತೋರಿಸಬಹುದಾ?

ಕತ್ತರಿ_ಪ್ರಯೋಗ

ಬೇಡ, ಅವರಿಗೆ ಕತೆ ಗೊತ್ತಾಗಿಹೋಗಿದೆ. ಹೊಸಬರು ಐದಾರು ಜನ ಸಾಕು. ಮುಂಚೆ ಒಂದು ಸಾಲೂ ಹೇಳಬೇಡಿ. "ಅರ್ಥ ಆಯ್ತಾ" ಅಂದರೆ ಹೂಂ ಅಂತಾರೆ. "ಏನೇನಾಯ್ತು, ಮೊದಲಿಂದ ಹೇಳಿ" ಅನ್ನಿ. ಹೇಳ್ತಾ ಹೇಳ್ತಾ ಎಲ್ಲಿ "ಆಮೇಲೆ ಅದೇನೋ..." ಅಂತ ತಡವರಿಸ್ತಾರೋ ಆ ಜಾಗದ ಟೈಮ್‌ಕೋಡ್ (ಚಿತ್ರದ ಎಷ್ಟನೇ ನಿಮಿಷ, ಸೆಕೆಂಡ್) ಬರೆದುಕೊಳ್ಳಿ. ಮೂವರು ಒಂದೇ ಕಡೆ ತಡವರಿಸಿದರೆ ರೀಶೂಟ್ ದಿನ ಆ ಶಾಟ್‌ಗೆ. ಸರಳು ತೂರಿಸೋ ಕೆಲಸ ಹಿಂದಿನ ದಿನವೇ ಮುಗಿಸಿಕೊಳ್ಳಿ, ಬಣ್ಣ ಒಣಗಬೇಕು.