ಒಡ್ಡು, ಪಟ್ಟು, ಟ್ಯಾಂಕ್: ಬಾಸ್ ಕಾಳಗಕ್ಕೆ ಯಾವ ಪದ ಹೊಂದುತ್ತದೆ?

ಎಲ್ಲರಿಗೂ ನಮಸ್ಕಾರ. ವಿಡಿಯೋ ಗೇಮಿನ ಎರಡು ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಏನನ್ನಬೇಕು ಎಂದು ಕೇಳುವುದಿದೆ. ಸ್ವಲ್ಪ ಹಿನ್ನೆಲೆ ಹೇಳದೆ ಕೇಳಿದರೆ ಅರ್ಥವಾಗಲ್ಲ, ಹಾಗಾಗಿ ಮೊದಲು ಅದು.

ಅಕ್ಕನ ಮಗಳು ಹಳೆಯ ಪೋಕೆಮಾನ್ ಗೋಲ್ಡ್ ಆಡುತ್ತಿದ್ದಾಳೆ. 1999ರಲ್ಲಿ ಜಪಾನಿನಲ್ಲಿ ಬಂದ ವಿಡಿಯೋ ಗೇಮ್, ನಮ್ಮ ಪ್ರಾಣಿಗಳನ್ನು ಎದುರಾಳಿಯ ಪ್ರಾಣಿಗಳ ಜೊತೆ ಕಾದಾಡಿಸುವ ಆಟ. ಅದರಲ್ಲಿ ವಿಟ್ನಿ ಎಂಬ ಬಾಸ್, ಅಂದರೆ ಗೆಲ್ಲಲು ಕಷ್ಟವಾದ ದೊಡ್ಡ ಎದುರಾಳಿ, ಇದ್ದಾಳೆ. ಅವಳ ಕೊನೆಯ ಪ್ರಾಣಿ ಮಿಲ್ಟ್ಯಾಂಕ್, ನೋಡಲು ಹಸುವಿನ ಹಾಗೆ. ಅದರ ಮುಂದೆ ನಮ್ಮ ಹುಡುಗಿ ನಾಲ್ಕು ಸಲ ಸೋತಳು. "ಚಿಕ್ಕಮ್ಮ, ಏನ್ ಮಾಡ್ಬೇಕು ಅಂತ ಬರೆದುಕೊಡಿ, ಕನ್ನಡದಲ್ಲೇ" ಎಂದಳು. ಬರೆಯಲು ಕೂತೆ. ಎರಡನೇ ಸಾಲಿಗೇ ಪೆನ್ನು ನಿಂತಿತು.

ಅವಳ ಬಳಿ ಜಿಯೋಡ್ಯೂಡ್ ಎಂಬ ಕಲ್ಲಿನಂಥ ಪ್ರಾಣಿ ಇದೆ. ನಾನು ಬರೆದ ಸಾಲು ಇದು: "ಜಿಯೋಡ್ಯೂಡನ್ನು ಗೋಡೆಯಾಗಿ ಇಟ್ಟುಕೋ." ಅವಳು ಓದಿ, "ಗೋಡೆ ಸುಮ್ನೆ ನಿಂತಿರುತ್ತೆ ಅಲ್ವಾ? ಇದು ತಿರುಗಿ ಹೊಡೆಯಲ್ವಾ?" ಎಂದು ಕೇಳಿದಳು. ಸರಿಯಾದ ಪ್ರಶ್ನೆ. ಈ ಆಟ ಆಡುವವರ ಬಾಯಲ್ಲಿ 'ವಾಲ್' ಬೇರೆ, 'ಟ್ಯಾಂಕ್' ಬೇರೆ. ಎಷ್ಟು ಹೊಡೆದರೂ ತಡೆದುಕೊಂಡು ನಿಲ್ಲುವುದು ವಾಲ್, ಅದರ ಕೈಯಿಂದ ದೊಡ್ಡ ಏಟೇನೂ ಬರಲ್ಲ. ಏಟು ತಿನ್ನುತ್ತಲೇ ತಿರುಗಿ ಕೊಡುವುದು ಟ್ಯಾಂಕ್. ಕನ್ನಡದಲ್ಲಿ ಟ್ಯಾಂಕ್ ಎಂದರೆ ಮೊದಲು ನೆನಪಾಗುವುದು ನೀರಿನ ಟ್ಯಾಂಕು. ಅದು ಸಾಲದು ಅಂತ ಎದುರಾಳಿಯ ಹೆಸರಿನಲ್ಲೇ ಒಂದು ಟ್ಯಾಂಕ್ ಕೂತಿದೆ.

ಯೋಚಿಸುತ್ತಾ ನನಗೆ ಹೊಳೆದ ಪದ 'ಒಡ್ಡು'. ಹೊಲದ ಬದಿಯಲ್ಲಿ ನೀರು ತಡೆಯಲು ಹಾಕುವ ಮಣ್ಣಿನ ಒಡ್ಡು. ಹಳಗನ್ನಡದಲ್ಲಿ ಸೇನೆಯ ಸಾಲಿಗೂ ಒಡ್ಡು ಎನ್ನುತ್ತಿದ್ದರು. ಇನ್ನು ಕ್ರಿಯಾಪದವಾಗಿ ದಿನಾ ಬಳಸುತ್ತೇವೆ: ಎದೆಯೊಡ್ಡು, ಮೈಯೊಡ್ಡು. ಏಟಿಗೆ ಮೈಯೊಡ್ಡುವುದು ಎಂದರೆ ಗೊತ್ತಿದ್ದೂ ಮುಂದೆ ನಿಲ್ಲುವುದು. ಈ ಆಟದಲ್ಲಿ ಆಳು ಬದಲಿಸುವಾಗ ಆಗುವುದೂ ಅದೇ. ಒಂದು ಪ್ರಾಣಿಯನ್ನು ಹಿಂದಕ್ಕೆ ಕರೆದು ಇನ್ನೊಂದನ್ನು ಕಳಿಸಿದರೆ ನಮ್ಮ ಆ ಸರದಿ ಅಲ್ಲಿಗೆ ಮುಗಿಯಿತು. ಒಳಗೆ ಬಂದ ಪ್ರಾಣಿ ಬರುತ್ತಲೇ ಏಟು ತಿನ್ನಬೇಕು. ಮ್ಯಾಚಪ್ ಅವಳ ಇನ್ನೊಂದು ಪ್ರಾಣಿ. "ಮ್ಯಾಚಪ್ ಬದಲು ಜಿಯೋಡ್ಯೂಡ್ ಮೈಯೊಡ್ಡಿತು" ಎಂದರೆ ಇಷ್ಟೂ ಒಂದೇ ಮಾತಿನಲ್ಲಿ ಬಂತು. ('ಕೈಯೊಡ್ಡು' ಮಾತ್ರ ಬೇಡ, ಅದು ಬೇಡುವುದಾಯಿತು.)

ಒಡ್ಡು ನನಗೆ ಹಿಡಿಸಲು ಇನ್ನೊಂದು ಕಾರಣವಿದೆ. ಮಿಲ್ಟ್ಯಾಂಕಿನ ದೊಡ್ಡ ಕಾಟ ರೋಲ್‌ಔಟ್ ಎಂಬ ಉರುಳು ದಾಳಿ. ಅದರ ಬಲ ಮೊದಲ ಸಲ 30. ತಪ್ಪದೆ ತಾಗುತ್ತಾ ಹೋದರೆ 60, 120, 240, ಐದನೆಯದಕ್ಕೆ 480. ಏರುತ್ತಿರುವ ನೀರೇ ಸರಿ. ಈ ಆಟದಲ್ಲಿ ಪ್ರತಿ ಪ್ರಾಣಿಗೂ ಪ್ರತಿ ದಾಳಿಗೂ ಒಂದು ಬಗೆ ('ಟೈಪ್') ಇರುತ್ತದೆ, ಏಟು ಎಷ್ಟು ತಾಗುತ್ತದೆ ಎಂಬುದು ಅದರ ಮೇಲಿದೆ. ರೋಲ್‌ಔಟ್ ಕಲ್ಲಿನ ಬಗೆಯ ದಾಳಿ. ಜಿಯೋಡ್ಯೂಡ್ ಕಲ್ಲೂ ಹೌದು, ನೆಲವೂ ಹೌದು. ನೆಲದ ಗುಣದಿಂದ ಈ ದಾಳಿ ಅದಕ್ಕೆ ಅರ್ಧ ಮಾತ್ರ ತಾಗುತ್ತದೆ. ಮಿಲ್ಟ್ಯಾಂಕ್ ಕಾಲಿನಿಂದ ತುಳಿಯುವ ಏಟೂ ಅರ್ಧ, ಅದು ಕಲ್ಲಿನ ಗುಣದಿಂದ. ಹಾಗಂತ ಅದು ಕೊನೆವರೆಗೂ ನಿಲ್ಲುತ್ತದೆ ಎಂದಲ್ಲ. ಗೋಡೆ ಎಂದರೆ ನಿಂತೇ ಇರುತ್ತದೆ ಎನ್ನಿಸುತ್ತದೆ. ಒಡ್ಡು ಹಾಗಲ್ಲ, ನೀರು ಜಾಸ್ತಿಯಾದರೆ ಒಡೆಯುತ್ತದೆ. "ಒಡ್ಡು ಒಡೆಯುವ ಮುಂಚೆ ಹೊಡೆದು ಮುಗಿಸು" ಎಂದು ಬರೆದೆ. ಹುಡುಗಿಗೆ ತಕ್ಷಣ ಅರ್ಥವಾಯಿತು.

'ಗುರಾಣಿ' ಆಗಬಹುದಲ್ಲ ಎಂದು ಅಕ್ಕ ಕೇಳಿದಳು. ಗುರಾಣಿ ಒಬ್ಬರ ಕೈಯಲ್ಲಿರುವ ವಸ್ತು, ಅದರ ಹಿಂದೆ ಇನ್ನೊಬ್ಬರು ನಿಂತಿರಬೇಕು. ಇಲ್ಲಿ ಕಣದಲ್ಲಿ ಇರುವುದೇ ಒಂದು ಪ್ರಾಣಿ. ನನಗೆ ಒಪ್ಪಿಗೆಯಾಗಲಿಲ್ಲ.

ಇನ್ನು ಎರಡನೆಯ ಪದ. ಪ್ರತಿ ಪ್ರಾಣಿಗೂ ಹೆಚ್ಚೆಂದರೆ ನಾಲ್ಕು 'ಮೂವ್', ಅಂದರೆ ರೋಲ್‌ಔಟಿನಂಥವು, ಇರುತ್ತವೆ. 'ನಡೆ' ಎಂದರೆ ಚದುರಂಗ ನೆನಪಾಗುತ್ತದೆ, ಕಾಯಿ ಸರಿಸುವುದು. ಇದು ಹೊಡೆದಾಟ. ಕುಸ್ತಿಯ 'ಪಟ್ಟು' ಚೆನ್ನಾಗಿದೆ ಎಂದು ಖುಷಿಯಿಂದ ಹಾಕಿಕೊಂಡೆ. ಆಮೇಲೆ ಬಂತು ಫಜೀತಿ. ಕಾದಾಟದ ಬಗೆಯ ಏಟು ಮಿಲ್ಟ್ಯಾಂಕಿಗೆ ದುಪ್ಪಟ್ಟು ತಾಗುತ್ತದೆ. ಹಾಗಾಗಿ ಕಾದಾಟದ ಬಗೆಯ ಮ್ಯಾಚಪ್ ಬಗ್ಗೆ ನಾನು ಬರೆದದ್ದು: "ಈ ಪಟ್ಟು ಎರಡು ಪಟ್ಟು ಪೆಟ್ಟು ಕೊಡುತ್ತದೆ." ಗಟ್ಟಿಯಾಗಿ ಓದಿ ನೋಡಿ. ಹುಡುಗಿ ನಕ್ಕು ನಕ್ಕು ಸುಸ್ತಾದಳು.

ಮುಂದಿನ ಸಾಲು ಇನ್ನೂ ಕೆಟ್ಟಿತು. ರೋಲ್‌ಔಟ್ ಶುರು ಮಾಡಿದ ಮೇಲೆ ಗುರಿ ತಪ್ಪುವವರೆಗೆ, ಇಲ್ಲವೇ ಐದು ಸಲ ಮುಗಿಯುವವರೆಗೆ ಮಿಲ್ಟ್ಯಾಂಕಿಗೆ ಬೇರೇನೂ ಮಾಡಲು ಬರುವುದಿಲ್ಲ. ಹಾಲು ಕುಡಿದು ಅರ್ಧ ಜೀವ ವಾಪಸ್ ಪಡೆಯುವುದು ಅದರ ಇನ್ನೊಂದು ಕಾಟ, ಅದೂ ಆಗ ಬಂದ್. ನಮಗೆ ಬೇಕಾದ ಸಮಯವೇ ಅದು. ಇದನ್ನು ಹೇಳಲು "ಮಿಲ್ಟ್ಯಾಂಕ್ ಒಂದೇ ಪಟ್ಟು ಹಿಡಿದು ಕೂತಾಗ" ಎಂದು ಬರೆದುಬಿಟ್ಟೆ. ಹಟ ಹಿಡಿಯಿತೋ, ಕುಸ್ತಿ ಪಟ್ಟು ಹಾಕಿತೋ? ನಿಜ ಹೇಳಬೇಕೆಂದರೆ ಎರಡೂ ಹೊಂದುತ್ತದೆ. ಆದರೆ ಆಟ ಹೇಳಿಕೊಡುವ ಬರಹದಲ್ಲಿ ಹೀಗೆ ಎರಡರ್ಥ ಇರಬಾರದು. ಕೊನೆಗೆ 'ವರಸೆ' ಎಂದು ತಿದ್ದಿದೆ. ಕತ್ತಿವರಸೆ, ದೊಣ್ಣೆವರಸೆ ಇದ್ದ ಹಾಗೆ ಉರುಳುವರಸೆ. ಕೇಳಲು ಹಿತವಾಗಿದೆ. ಆದರೆ ವರಸೆ ಒಂದು ಏಟೋ, ಇಡೀ ವಿದ್ಯೆಯೋ? ಇಲ್ಲಿ ನನಗೆ ಅನುಮಾನ ಉಳಿದಿದೆ.

'ಟೈಪ್' ಬಗ್ಗೆ ಚರ್ಚೆ ಬೇಡ. ಜಾತಿ ಎನ್ನಲು ಮನಸ್ಸು ಬರಲಿಲ್ಲ, 'ಬಗೆ' ಸಾಕು. 'ಬಾಸ್' ಬಾಸೇ ಇರಲಿ. ನಾಯಕ ಎಂದರೆ ನಮ್ಮ ಕಡೆಯವನು ಎನ್ನಿಸಿಬಿಡುತ್ತದೆ.

ಈಗ ಬಲ್ಲವರು ಹೇಳಿ. ವಾಲ್‌ಗೆ 'ಒಡ್ಡು' ಎಂದು ಹೆಸರುಪದವಾಗಿ ಬಳಸಿದರೆ, ಹೊಲ ನೋಡದ ಮಕ್ಕಳಿಗೂ ಗೊತ್ತಾಗುತ್ತದೆಯೇ? ತಿನ್ನುತ್ತಲೇ ತಿರುಗಿ ಹೊಡೆಯುವ ಟ್ಯಾಂಕಿಗೆ ಬೇರೆ ಪದ ಯಾರ ಬಾಯಲ್ಲಾದರೂ ಇದೆಯೇ? ಕುಸ್ತಿ ಅಖಾಡದ ಮಾತು ಬಲ್ಲವರು ಇಲ್ಲಿದ್ದರೆ, ಪಟ್ಟಿಗೂ ವರಸೆಗೂ ಇರುವ ಅಂತರ ದಯವಿಟ್ಟು ತಿಳಿಸಿ.

ಅಂದಹಾಗೆ, ಮಿಲ್ಟ್ಯಾಂಕಿಗೆ ಎದುರಾಳಿಯನ್ನು ಮರುಳು ಮಾಡುವ ವರಸೆಯೂ ಒಂದಿದೆ. ಅದು ಹೆಣ್ಣು ಪ್ರಾಣಿಗಳ ಮೇಲೆ ನಡೆಯಲ್ಲ, ಯಾಕೆಂದರೆ ಮಿಲ್ಟ್ಯಾಂಕ್ ಯಾವಾಗಲೂ ಹೆಣ್ಣೇ. ನಮ್ಮ ಹುಡುಗಿಯ ಜಿಯೋಡ್ಯೂಡ್ ಗಂಡು. ಐದನೇ ಸಲ ಸೋತದ್ದು ಅದಕ್ಕೇ. ಈಗ ಹೆಣ್ಣು ಜಿಯೋಡ್ಯೂಡ್ ಹುಡುಕುತ್ತಾ ಗುಹೆಯಲ್ಲಿ ಅಲೆಯುತ್ತಿದ್ದಾಳೆ. ಅದು ಸಿಗುವಷ್ಟರಲ್ಲಿ ನಿಮ್ಮ ಉತ್ತರ ಬಂದರೆ ಬರಹ ತಿದ್ದಿ ಕೊಡುತ್ತೇನೆ.