‘ಹಸ್ತಾಂತರ’ – ಪಡೆಯುವವರ ಕಡೆಯಿಂದ ಏನನ್ನಬೇಕು?

ಗೆಳೆಯರೇ,

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ. ತುಮಕೂರು ಕಡೆಯ ನಮ್ಮೂರಿನ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ನಾನೂ ಇದ್ದೇನೆ. ಅಕ್ಷರ ಚೆನ್ನಾಗಿದೆ ಅನ್ನುವ ಒಂದೇ ಕಾರಣಕ್ಕೆ ನಡಾವಳಿ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. 2019ರಲ್ಲಿ ಜಲಜೀವನ್ ಮಿಷನ್ ಶುರುವಾಯಿತಲ್ಲ, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಅಂತ ಕರೆದದ್ದು, ಅದರ ನಲ್ಲಿಗಳು ನಮ್ಮಲ್ಲೂ ಬಂದವು. ತಲೆಗೆ ದಿನಕ್ಕೆ 55 ಲೀಟರ್ ನೀರು ಅನ್ನುವುದು ಲೆಕ್ಕ. ಈಗ ಬೋರು, ಪಂಪು, ಓವರ್‌ಹೆಡ್ ಟ್ಯಾಂಕು ಎಲ್ಲವೂ ಪಂಚಾಯಿತಿಗೆ ಸೇರಬೇಕು. ಕಾಗದದಲ್ಲಿ ಇರುವುದು ಒಂದೇ ಸಾಲು: ‘ಸದರಿ ಕಾಮಗಾರಿಯನ್ನು ಗ್ರಾಮ ಪಂಚಾಯಿತಿಗೆ ಹಸ್ತಾಂತರಿಸಲಾಗಿದೆ.’

ಯಾರು ಕೊಟ್ಟರು? ಯಾರು ತಗೊಂಡರು? ‘-ಲಾಗಿದೆ’ ಅನ್ನುವುದು ಇಬ್ಬರನ್ನೂ ಬಚ್ಚಿಡುತ್ತದೆ. ಸುಮ್ನೆ ವ್ಯಾಕರಣದ ತಕರಾರು ಅಂದುಕೊಳ್ಳಬೇಡಿ. ಹೋದ ಬೇಸಿಗೆಯಲ್ಲಿ ಮೋಟಾರ್ ಸುಟ್ಟಿತು. ಕಂಟ್ರಾಕ್ಟರು ‘ಹಸ್ತಾಂತರ ಆಗಿದೆಯಲ್ಲ ಸಾರ್’ ಅಂದರು. ಪಂಚಾಯಿತಿಯವರು ‘ನಾವಿನ್ನೂ ತಗೊಂಡೇ ಇಲ್ಲ’ ಅಂದರು. ಆ ಸಾಲಿನ ಪ್ರಕಾರ ಇಬ್ಬರ ಮಾತೂ ಸುಳ್ಳಲ್ಲ! 9 ದಿನ ಟ್ಯಾಂಕರ್ ನೀರು ಕುಡಿದೆವು. ನೀರುಗಂಟಿ ಮಾತ್ರ ಎರಡೂ ಕಡೆಯಿಂದ ಬೈಸಿಕೊಂಡ.

ಭಾಷಾಂತರ, ರೂಪಾಂತರದ ಹಾಗೇ ಇಲ್ಲೂ ‘ಅಂತರ’ ಅಂದರೆ ‘ಬೇರೊಂದು’. ಹಸ್ತಾಂತರ ಅಂದರೆ ಬೇರೊಂದು ಕೈ. ಆದರೆ ಕನ್ನಡದ ಕಿವಿಗೆ ಅಂತರ ಅಂದರೆ ನಡುವಿನ ಜಾಗ, ಅಲ್ವಾ? ನಮ್ಮೂರಲ್ಲಿ ಆದದ್ದು ಈ ಎರಡನೇ ಹಸ್ತಾಂತರ.

ಪಡೆಯುವವರ ಕಡೆಯಿಂದ ಹೇಳಲು ಹೋದರೆ ‘ಹಸ್ತಾಂತರಿಸಿಕೊಂಡಿದೆ’ ಅನ್ನಬೇಕು. ನಾಲಿಗೆ ಹೊರಳುವುದಿಲ್ಲ. ‘ಒಪ್ಪಿಸು’ ನನಗೆ ಜಾಸ್ತಿ ಇಷ್ಟ, ಅದರೊಳಗೆ ಒಪ್ಪಿಗೆ ಇದೆ. ಮದುವೆ ಮನೆಯಲ್ಲಿ ನೋಡಿ, ಹೆಣ್ಣಿನವರದು ಒಪ್ಪಿಸಿಕೊಡುವ ಶಾಸ್ತ್ರ, ಗಂಡಿನವರದು ಮನೆ ತುಂಬಿಸಿಕೊಳ್ಳುವ ಶಾಸ್ತ್ರ. ಎರಡೂ ಕಡೆಗೂ ಅವರವರ ಮಾತಿದೆ. ಒಂದು ಕಡೆಯದು ಆಗಿ ಇನ್ನೊಂದು ಆಗಲಿಲ್ಲ ಅಂದರೆ ಹುಡುಗಿ ಬೀದಿಯಲ್ಲೇ ನಿಂತಿರುತ್ತಾಳೆ. ಆದರೆ ನಡಾವಳಿಯಲ್ಲಿ ‘ಪಂಚಾಯಿತಿ ಒಪ್ಪಿಕೊಂಡಿದೆ’ ಅಂತ ಬರೆದರೆ ಏನೋ ತಪ್ಪು ಒಪ್ಪಿಕೊಂಡ ಹಾಗೆ ಕೇಳಿಸುತ್ತದೆ. ‘ವಹಿಸಿಕೊಂಡಿದೆ’ ಹೊಣೆಗೆ ಸರಿ, ಮೋಟಾರಿಗೆ ಒಗ್ಗುವುದಿಲ್ಲ. ‘ಸುಪರ್ದಿಗೆ ಪಡೆದಿದೆ’ ಅಂದರೆ ಪೊಲೀಸ್ ಠಾಣೆಯ ವಾಸನೆ. ‘ವರ್ಗಾವಣೆ’ ಸಾಹೇಬರುಗಳಿಗೆ ಮೀಸಲು.

ಇನ್ನೊಂದು ತೊಡಕು, ಕೈ ಬದಲಾಗುವುದು ವಸ್ತುವೋ ಕೆಲಸವೋ ಅನ್ನುವುದು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರ ಜೊತೆ ಬಂದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಕುಡಿಯುವ ನೀರು 11ನೆಯದು, ನೈರ್ಮಲ್ಯ 23ನೆಯದರಲ್ಲಿ ಬರುತ್ತದೆ. ಆದರೆ ಈ ಅಧಿಕಾರಗಳನ್ನು ರಾಜ್ಯಗಳು ಪಂಚಾಯಿತಿಗೆ ಕೊಡಬಹುದು ಎಂದಿದೆ, ಕೊಡಲೇಬೇಕು ಎಂದಿಲ್ಲ. ಹಾಗಾಗಿ ಟ್ಯಾಂಕು ಬರುತ್ತದೆ. ಕರೆಂಟ್ ಬಿಲ್ಲು ಕರೆಯದೇ ಬರುತ್ತದೆ. ಪೈಪಿನ ನಕ್ಷೆ ಎಲ್ಲಿದೆ ಅಂತ ಗೊತ್ತಿರುವ ಎಂಜಿನಿಯರ್ ಬರುವುದಿಲ್ಲ. ಸಮಿತಿಯ ಅಜ್ಜಿಯೊಬ್ಬರು ‘ಹಸ ಕೊಟ್ಟವ್ರೆ, ಹುಲ್ಲೆಲ್ಲಪ್ಪ?’ ಅಂದರು. ಅದನ್ನು ನಡಾವಳಿಗೆ ಸೇರಿಸಬೇಕೆಂದಿದ್ದೆ, ಬಿಡಲಿಲ್ಲ.

‘ನೈರ್ಮಲ್ಯ’ದ ಪಾಡು ಬೇರೆ. ಗ್ರಾಮಸಭೆಯಲ್ಲಿ ಆ ಪದ ಓದಿದಾಗ ಎಲ್ಲರೂ ಸುಮ್ಮನಿದ್ದರು. ಚರಂಡಿ ಅಂದ ಕೂಡಲೇ ಹತ್ತು ಜನ ಎದ್ದು ನಿಂತರು. ಶೌಚಾಲಯದ ಗುಂಡಿ ತುಂಬಿದರೆ ಯಾರ ಪಾಲು ಅನ್ನುವ ಜಗಳಕ್ಕೆ ಇನ್ನೊಂದು ಓಲೆಯೇ ಬೇಕು.

ನನ್ನ ಪ್ರಶ್ನೆ ಇಷ್ಟು. ಕೊಡುವ ಕಡೆ, ಪಡೆಯುವ ಕಡೆ ಎರಡಕ್ಕೂ ಒಗ್ಗುವ ಜೋಡಿ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ? ಧಾರವಾಡದ ಕಡೆಯವರು ‘ತಾಬೆಗೆ ತೆಗೆದುಕೊಳ್ಳು’ ಅನ್ನುವುದನ್ನು ಇಂಥ ಕಡೆ ಬಳಸುತ್ತೀರಾ? ಹಿಂದಿನ ಶಾನುಭೋಗರು ಲೆಕ್ಕದ ಪುಸ್ತಕ ಒಪ್ಪಿಸುವಾಗ, ಪಡೆದವರು ಏನಂತ ಬರೆದು ರುಜು ಹಾಕುತ್ತಿದ್ದರು? ಅಂಥ ಕಾಗದ ಯಾರ ಮನೆಯಲ್ಲಾದರೂ ಇದ್ದರೆ ಒಂದು ಸಾಲು ನಕಲು ಮಾಡಿ ಕಳಿಸಿ.

ಸದ್ಯಕ್ಕೆ ನಾನು ‘ಪಂಚಾಯಿತಿಯು ಪಂಪನ್ನು ಓಡಿಸಿ ನೋಡಿ ಪಡೆದುಕೊಂಡಿದೆ’ ಅಂತ ಬರೆದಿದ್ದೇನೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಓದಿ, ‘ಇದು ಆಫೀಸ್ ಭಾಷೆ ಅಲ್ಲ ಸಾರ್’ ಅಂದರು. ಸಭೆ ಬರುವ ಗುರುವಾರ.